ಯಾರ ಕೈಯಿಂದ ಏನು ಹೋಗಬೇಕು?

ಸಮಾನತೆ ಬೇಡ ಅನ್ನುವವರನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಮನೆಗೆಲಸದವರಿಗೆ ಅಂತ ಕಿಟಕಿ ಮೇಲೆ ಬೇರೆ ಲೋಟ ಇಟ್ಟವರು, ಮದುವೆ ಮಾತುಕತೆಯಲ್ಲಿ ಜಾತಿಯ ಜೊತೆ ಒಳಜಾತಿಯನ್ನೂ ವಿಚಾರಿಸುವವರು, ಹೆಣ್ಣುಮಕ್ಕಳಿಗೆ ಆಸ್ತಿ ಯಾಕೆ ಬೇಕು ಅನ್ನುವವರು, ಎಲ್ಲರೂ 'ನಾವೆಲ್ಲ ಒಂದೇ ಅಲ್ವಾ' ಅಂತಲೇ ಮಾತು ಶುರು ಮಾಡುತ್ತಾರೆ. ಹಾಗಾಗಿ ಈ ವಿಷಯದ ಬಗ್ಗೆ ಯಾರೇ ಬರೆದಿರಲಿ, ಓದುವಾಗ ನಾನು ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಇವರು ಹೇಳುವ ಸಮಾನತೆ ನಾಳೆ ಬೆಳಗ್ಗೆ ಬಂದೇಬಿಟ್ಟರೆ ಯಾರ ಕೈಯಿಂದ ಏನು ಹೋಗುತ್ತದೆ? ಯಾರಿಗೂ ಏನೂ ನಷ್ಟ ಇಲ್ಲ ಅನ್ನುವ ಉತ್ತರ ಸಿಕ್ಕಿದರೆ ಪುಸ್ತಕ ಮುಚ್ಚಿ ಕಾಫಿ ಕುಡಿಯಲು ಏಳುತ್ತೇನೆ.

ಅಮರ್ತ್ಯ ಸೇನ್ 1979ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಉಪನ್ಯಾಸ ಕೊಟ್ಟರು. 'ಯಾವುದರ ಸಮಾನತೆ?' ಅನ್ನುವುದೇ ಅದರ ಹೆಸರು. ಇಬ್ಬರಿಗೆ ಒಂದೇ ಸಂಬಳ ಕೊಟ್ಟರೂ, ಕಾಲು ನಡೆಯದವನಿಗೆ ಅದೇ ದುಡ್ಡಿನಲ್ಲಿ ಇನ್ನೊಬ್ಬನಷ್ಟು ಓಡಾಡಲು ಆಗುವುದಿಲ್ಲ. ಹಾಗಾಗಿ ಕೈಯಲ್ಲಿ ಎಷ್ಟಿದೆ ಅಂತ ಎಣಿಸಿದರೆ ಸಾಲದು, ಅದರಿಂದ ಅವನು ಏನು ಮಾಡಬಲ್ಲ ಅಂತ ನೋಡಬೇಕು ಅನ್ನುವುದು ಅವರ ವಾದ. ಒಳ್ಳೆಯ ಪ್ರಶ್ನೆಯೇ. ಆದರೆ ನಮ್ಮ ಕಡೆಯವರನ್ನು ಓದುತ್ತಾ ಹೋದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂದು ನಿಲ್ಲುತ್ತದೆ. ಸರಿ, ಅದನ್ನು ಯಾರಿಂದ ತಗೊಳ್ಳುವುದು?

ಕನಕದಾಸರಿಗೆ ಈ ಎರಡನೇ ಪ್ರಶ್ನೆ ಚೆನ್ನಾಗಿ ಗೊತ್ತಿತ್ತು. ಅವರ 'ರಾಮಧಾನ್ಯ ಚರಿತೆ' 16ನೇ ಶತಮಾನದ ಪುಟ್ಟ ಕಾವ್ಯ. ಅಲ್ಲಿ ಜಗಳ ಆಡುವುದು ರಾಗಿ ಮತ್ತು ಭತ್ತ. ಲಂಕೆಯಿಂದ ವಾಪಸ್ ಬರುವ ರಾಮ ಗೌತಮರ ಆಶ್ರಮದಲ್ಲಿ ಇಳಿದುಕೊಂಡಿದ್ದಾನೆ. ಧಾನ್ಯಗಳಲ್ಲಿ ಯಾವುದು ಮೇಲು ಅಂತ ಮಾತು ಬರುತ್ತದೆ. ಗೌತಮರು ನರೆದಲೆಗ ಅನ್ನುತ್ತಾರೆ, ಅಂದರೆ ನಮ್ಮ ರಾಗಿ. ಭತ್ತಕ್ಕೆ ಸಿಟ್ಟು ನೆತ್ತಿಗೇರುತ್ತದೆ. ದೇವರ ಕೆಲಸಕ್ಕೆ ನಾನು, ಮಂಗಳ ಕಾರ್ಯಕ್ಕೆ ನಾನು, ಶೂದ್ರರ ಊಟವಾದ ನಿನಗೆ ನನ್ನ ಸಮ ನಿಲ್ಲುವ ಯೋಗ್ಯತೆ ಎಲ್ಲಿಂದ ಬಂತು ಅಂತ ಶುರು. ರಾಗಿ ಸುಮ್ನೆ ಬಿಡುತ್ತದಾ? ಬಡವರನ್ನು ಕಣ್ಣೆತ್ತಿ ನೋಡದೆ ಹಣವಂತರ ಹಿಂದೆ ಹೋಗುವವನು ನೀನು, ಸತ್ತವರ ಬಾಯಿಗೆ ಬೀಳುವವನು ನೀನು ಅಂತ ತಿರುಗಿ ಬೈಯುತ್ತದೆ. ಬರ ಬಂದಾಗ ಜನರನ್ನು ಉಳಿಸುವುದು ಯಾರು ಅಂತಲೂ ಕೇಳುತ್ತದೆ.

ರಾಮ ಅಲ್ಲೇ ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ಅವಧಿ ಮುಗಿದಾಗ ಭತ್ತ ಸೊರಗಿ ಹಾಳಾಗಿರುತ್ತದೆ, ರಾಗಿ ಹೋದ ಹಾಗೇ ಗಟ್ಟಿಯಾಗಿ ಬರುತ್ತದೆ. ರಾಮ ತನ್ನ ರಾಘವ ಅನ್ನುವ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಕೊನೆಗೆ ಭತ್ತಕ್ಕೂ ಸಮಾಧಾನ ಹೇಳುತ್ತಾನೆ, ನಿಜ. ಆದರೆ ಅಷ್ಟರೊಳಗೆ ಭತ್ತದ ಕೈಯಿಂದ ಪಂಕ್ತಿಯ ಮೊದಲ ಜಾಗ ಹೋಗಿಯಾಗಿದೆ. ನನಗೆ ಕನಕರ ಈ ಲೆಕ್ಕ ಇಷ್ಟ. ಇಬ್ಬರೂ ದೊಡ್ಡವರೇ ಅಂತ ಮೊದಲೇ ಹೇಳಿ ಕಳಿಸಿದ್ದರೆ ಕಾವ್ಯವೂ ಇರುತ್ತಿರಲಿಲ್ಲ, ನ್ಯಾಯವೂ ಇರುತ್ತಿರಲಿಲ್ಲ. (ಈಗ ಬೆಂಗಳೂರಿನ ಸೂಪರ್‌ಮಾರ್ಕೆಟ್‌ಗಳಲ್ಲಿ ರಾಗಿ ಬಿಸ್ಕತ್ತು, ರಾಗಿ ಮಾಲ್ಟು ಅಂತ ಚಂದದ ಪ್ಯಾಕೆಟ್ಟಿನಲ್ಲಿ ಕೂತಿದೆ. ರಾಗಿಗೆ ಮೇಲಿನ ಜಾಗ ಸಿಕ್ಕಿತು. ಬೆಳೆದವನಿಗೆ ಸಿಕ್ಕಿದೆಯಾ ಅಂತ ಕನಕರು ಇದ್ದಿದ್ದರೆ ಕೇಳುತ್ತಿದ್ದರು.)

ಇನ್ನೂ ನಾನ್ನೂರು ವರ್ಷ ಹಿಂದಕ್ಕೆ ಹೋದರೆ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಸಿಗುತ್ತಾಳೆ. ಗಂಡ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಾನೆ, ಅದರಲ್ಲೇ ದಾಸೋಹ. ಒಂದು ದಿನ ದಿನನಿತ್ಯಕ್ಕಿಂತ ಜಾಸ್ತಿ ತರುತ್ತಾನೆ. 'ಈಸಕ್ಕಿಯಾಸೆ ನಿಮಗೇಕೆ?' ಅಂತ ಅವಳು ತಡೆಯುತ್ತಾಳೆ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅನ್ನುತ್ತಾಳೆ.

ಈ ಕಥೆಯನ್ನು ಭಾಷಣಗಳಲ್ಲಿ ಯಾವಾಗಲೂ ಬಡವರಿಗೇ ಹೇಳುತ್ತಾರೆ. ಇದ್ದುದರಲ್ಲಿ ತೃಪ್ತಿಯಾಗಿರಿ ಅಂತ. ವಚನದ ಮೊದಲ ಸಾಲನ್ನು ಮಾತ್ರ ಬಿಟ್ಟುಬಿಡುತ್ತಾರೆ. ಆಸೆ ಅನ್ನುವುದು ಅರಸನಿಗಲ್ಲದೆ ಶಿವಭಕ್ತರಿಗೆ ಉಂಟೇ ಅಂತ ಲಕ್ಕಮ್ಮ ಶುರು ಮಾಡುವುದು. ಗಂಡನ ಸೆರಗಿನಲ್ಲಿರುವ ಅಕ್ಕಿ ನೋಡುತ್ತಲೇ ಅವಳ ಬೆರಳು ಅರಮನೆಯ ಕಡೆ ತಿರುಗಿದೆ. ಆದರೂ ವಾಪಸ್ ಹೋದದ್ದು ಮಾರಯ್ಯನ ಅಕ್ಕಿ. ಅರಸನ ಕಣಜದಿಂದ ಒಂದು ಹಿಡಿ ವಾಪಸ್ ಬಂದ ಕಥೆ ನಮಗೆ ಸಿಕ್ಕಿಲ್ಲ. ಹುಟ್ಟಿನ ಹೆಮ್ಮೆ ನಿಜವಾಗಿ ಕೈಬಿಟ್ಟುಹೋಗುವ ಹೊತ್ತು ಕಲ್ಯಾಣದಲ್ಲಿ ಬಂದದ್ದು ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆ ಆದಾಗ. ಅಪ್ಪಂದಿರಿಬ್ಬರನ್ನೂ ಎಳೆಸಿ ಕೊಲ್ಲಿಸಿದರು ಅಂತ ಪರಂಪರೆ ಹೇಳುತ್ತದೆ. ಅನುಭವ ಮಂಟಪದಲ್ಲಿ ಮಾತಾಡುವವರೆಗೆ ಸಹಿಸಿಕೊಂಡಿದ್ದ ರಾಜ್ಯ ಮದುವೆಯನ್ನು ಸಹಿಸಲಿಲ್ಲ.

ಈಗ ಕುವೆಂಪು. 1944ರ 'ಶೂದ್ರ ತಪಸ್ವಿ' ನಾಟಕದಲ್ಲಿ ಅವರು ಶಂಬೂಕನ ಕಥೆಯ ಕೊನೆಯನ್ನೇ ಬದಲಿಸಿದರು. ಮೂಲದಲ್ಲಿ ಬ್ರಾಹ್ಮಣನೊಬ್ಬ ಮಗ ಸತ್ತನೆಂದು ರಾಮನಿಗೆ ದೂರು ಕೊಡುತ್ತಾನೆ, ತಪಸ್ಸು ಮಾಡಿದ ತಪ್ಪಿಗೆ ಶೂದ್ರ ಶಂಬೂಕನ ತಲೆ ಹೋಗುತ್ತದೆ. ಇಲ್ಲಿ ರಾಮ ಬಿಟ್ಟ ಬಾಣ ದೂರು ಕೊಟ್ಟ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಅವನಿಗೆ ಬುದ್ಧಿ ಬಂದು ಶಂಬೂಕನಿಗೆ ಕೈಮುಗಿಯುತ್ತಾನೆ, ಸತ್ತ ಮಗ ಬದುಕುತ್ತಾನೆ. ಮಾಸ್ತಿಯವರಿಗೆ ಇದು ಹಿಡಿಸಲಿಲ್ಲ. ಪುರಾಣದ ಕಥೆಯನ್ನು ಹೀಗೆ ತಿರುಗಿಸಬಾರದು ಅನ್ನುವುದು ಅವರ ಆಕ್ಷೇಪ. ನನ್ನ ತಕರಾರು ಬೇರೆ. ಕಥೆ ತಿರುಗಿಸಿದ್ದು ಸರಿಯೇ, ತಿರುಗಿಸಲೇಬೇಕಿತ್ತು. ಆದರೆ ಬ್ರಾಹ್ಮಣ ಕಳೆದುಕೊಂಡದ್ದು ಏನು? ಒಂದು ಗಳಿಗೆಯ ಅಹಂಕಾರ. ಬಾಣ ಬೆನ್ನಿಗೆ ಬಿದ್ದಾಗ ಯಾರಿಗಾದರೂ ಬುದ್ಧಿ ಬರುತ್ತದೆ. ಬಾಣ ವಾಪಸ್ ಬತ್ತಳಿಕೆಗೆ ಹೋದ ಮೇಲೆ, ಮರುದಿನ ಬೆಳಗ್ಗೆ ಅವನು ಶಂಬೂಕನನ್ನು ಮನೆಗೆ ಕರೆದನಾ? ನಾಟಕ ಅಲ್ಲಿಗೆ ಹೋಗುವುದಿಲ್ಲ.

ಅದೇ ಮೈಸೂರಿನಲ್ಲಿ, ನಾಟಕಕ್ಕಿಂತ ಕಾಲು ಶತಮಾನ ಮೊದಲು, ಮರುದಿನ ಬೆಳಗ್ಗೆಯ ಪ್ರಶ್ನೆಯೇ ಒಂದು ಕಡತವಾಗಿ ಬಂದಿತ್ತು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದವರಿಗೂ ಪಾಲು ಬೇಕು ಅಂತ ಬೇಡಿಕೆ ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. 1919ರ ವರದಿ ನೇರವಾಗಿಯೇ ಹೇಳಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಹೋಗಬೇಕು. ಸಮಿತಿ ಮಾಡಿದಾಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇಂಥ ಪಾಲು ಮೊದಲಿಂದಲೂ ಒಪ್ಪಿಗೆ ಇರಲಿಲ್ಲ. ಓದಿಸಿ, ವಿದ್ಯಾರ್ಥಿವೇತನ ಕೊಡಿ, ಆದರೆ ನೇಮಕದಲ್ಲಿ ಯೋಗ್ಯತೆ ಒಂದನ್ನೇ ನೋಡಿ ಅನ್ನುವುದು ಅವರ ನಿಲುವು. 1918ರ ಕೊನೆಗೆ ಅವರು ದಿವಾನಗಿರಿ ಬಿಟ್ಟರು.

ಅವರನ್ನು ಖಳನಾಯಕ ಮಾಡುವುದು ಸುಲಭ, ನನಗೆ ಅದು ಬೇಕಿಲ್ಲ. ಅಣೆಕಟ್ಟು, ಬ್ಯಾಂಕು, ವಿಶ್ವವಿದ್ಯಾಲಯ ಅಂತ ಅಷ್ಟೊಂದು ಕಟ್ಟಿದ ಮನುಷ್ಯ. ಶಾಲೆ ಹೆಚ್ಚಿಸಲು ದುಡಿದದ್ದೂ ನಿಜ. ಇಲ್ಲದವರಿಗೆ ಕೊಡೋಣ ಅನ್ನುವವರೆಗೆ ಅವರದು ಧಾರಾಳ ಮನಸ್ಸೇ. ಇರುವವರಿಂದ ಹೋಗಬೇಕು ಅನ್ನುವ ಜಾಗದಲ್ಲಿ ಅವರು ನಿಂತುಬಿಟ್ಟರು. ನೂರು ವರ್ಷ ದಾಟಿದರೂ ಮೀಸಲಾತಿಯ ಚರ್ಚೆ ಕರೆಕ್ಟಾಗಿ ಅದೇ ಜಾಗದಲ್ಲಿ ನಿಲ್ಲುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಬೇಕಾದರೆ ಇವತ್ತೇ ಪರೀಕ್ಷೆ ಮಾಡಿ ನೋಡಿ.

ಅಂಬೇಡ್ಕರ್ ಬರುವುದು ಇಲ್ಲಿಯೇ. 1920ರ ಜನವರಿ 31ರಂದು ಹೊರಟ 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲಿ ಅವರು ಹಿಂದೂ ಸಮಾಜವನ್ನು ಒಂದು ಗೋಪುರಕ್ಕೆ ಹೋಲಿಸಿದರು. ಒಂದೊಂದು ಜಾತಿ ಒಂದೊಂದು ಮಹಡಿ. ಮಹಡಿಗಳ ನಡುವೆ ಏಣಿ ಇಲ್ಲ. ಹುಟ್ಟಿದ ಮಹಡಿಯಲ್ಲೇ ಸಾಯಬೇಕು. ಆಮೇಲೆ ಅವರು ಇದನ್ನೇ ಶ್ರೇಣೀಕೃತ ಅಸಮಾನತೆ ಅಂತ ವಿವರಿಸಿದರು. ಮೇಲೆ ಹೋದಂತೆ ಗೌರವ ಏರುತ್ತದೆ, ಕೆಳಗೆ ಇಳಿದಂತೆ ತಿರಸ್ಕಾರ ಏರುತ್ತದೆ. ಬಡವ ಮತ್ತು ಶ್ರೀಮಂತ ಅಂತ ಎರಡೇ ಗುಂಪು ಇದ್ದಿದ್ದರೆ ಕೆಳಗಿನವರೆಲ್ಲ ಒಂದಾಗಿ ಎದ್ದು ನಿಲ್ಲಬಹುದಿತ್ತು. ಇಲ್ಲಿ ಹಾಗಾಗುವುದಿಲ್ಲ. ಯಾಕೆಂದರೆ ಬಹುತೇಕ ಎಲ್ಲರ ಕಾಲ ಕೆಳಗೂ ಇನ್ನೊಂದು ಮಹಡಿ ಇದೆ. ಮೇಲಿನವನ ಮೇಲೆ ಸಿಟ್ಟಿದ್ದರೂ, ಗೋಪುರ ಬೀಳಿಸಿದರೆ ತನ್ನ ಕೆಳಗಿನವನು ತನ್ನ ಪಕ್ಕಕ್ಕೆ ಬಂದು ನಿಲ್ಲುತ್ತಾನಲ್ಲ ಅನ್ನುವ ಭಯ.

ನಾನು ಓದಿದವರಲ್ಲಿ ಮಧ್ಯದ ಮಹಡಿಯವನ ಮನಸ್ಸನ್ನು ಇಷ್ಟು ಬಿಡಿಸಿ ನೋಡಿದವರು ಇನ್ನೊಬ್ಬರಿಲ್ಲ. ರೂಸೋ 1755ರಲ್ಲಿ ಅಸಮಾನತೆಯ ಮೂಲ ಹುಡುಕುತ್ತಾ, ಮೊದಲು ನೆಲಕ್ಕೆ ಬೇಲಿ ಹಾಕಿ 'ಇದು ನನ್ನದು' ಅಂದವನ ಹತ್ತಿರ ಹೋಗಿ ನಿಂತ. ಬೇಲಿಯಾದರೆ ಕೀಳಬಹುದು. ಗಂಡನಿಂದ ಹೊಡೆತ ತಿಂದ ಹೆಂಗಸು ಸೊಸೆಯ ಮೇಲೆ ಕೈ ಎತ್ತುತ್ತಾಳಲ್ಲ, ಅಲ್ಲಿ ಕೀಳಲು ಬೇಲಿ ಕಾಣಿಸುವುದಿಲ್ಲ. ಹೀಗಾಗಿಯೇ ಅಂಬೇಡ್ಕರ್ 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲಕ್ಕೆ ಬರೆದ ಭಾಷಣದಲ್ಲಿ ಸಹಪಂಕ್ತಿ ಭೋಜನ ಸಾಲದು, ಜಾತಿಗೆ ಬಲ ಕೊಡುವ ಶಾಸ್ತ್ರಗಳ ಅಧಿಕಾರವೇ ಹೋಗಬೇಕು ಅಂದದ್ದು. ಕರೆದವರಿಗೆ ಗಾಬರಿಯಾಯಿತು. ಕೆಲವು ಭಾಗ ತೆಗೆಯಿರಿ ಅಂದರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಅಂದರು ಇವರು. ಸಮ್ಮೇಳನವೇ ರದ್ದಾಯಿತು. ಜಾತಿ ಮುರಿಯಲು ಅಂತಲೇ ಕಟ್ಟಿದ ಸಂಘ ಅದು!

ಕಾಗೋಡಿನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸಾಗರ ತಾಲ್ಲೂಕಿನ ಈ ಹಳ್ಳಿಯಲ್ಲಿ ದೀವರ ಗೇಣಿದಾರರಿಗೂ ಭೂಮಾಲೀಕರಿಗೂ ಜಗಳ ಹೊತ್ತಿಕೊಂಡದ್ದು ಯಾವ ತತ್ವಕ್ಕೂ ಅಲ್ಲ, ಒಂದು ಕೊಳಗಕ್ಕೆ. ಭತ್ತ ಅಳೆಯುವ ಮರದ ಮಾಪು. ಗೇಣಿ ಅಳೆಸಿಕೊಳ್ಳುವಾಗ ಒಡೆಯರದು ದೊಡ್ಡ ಕೊಳಗ. ಒಂದೊಂದು ಕೊಳಗಕ್ಕೂ ಒಂದಿಷ್ಟು ಭತ್ತ ಸುಮ್ನೆ ಜಾಸ್ತಿ ಹೋಗುತ್ತಿತ್ತು. ಹಾಗೆ ಇಡೀ ಸುಗ್ಗಿ, ಇಡೀ ಜೀವಮಾನ. ಸರ್ಕಾರದ ಅಳತೆಯಲ್ಲೇ ಅಳೆಯಿರಿ ಅಂದರು ಎಚ್. ಗಣಪತಿಯಪ್ಪ ಕಟ್ಟಿದ ರೈತ ಸಂಘದವರು. ಕೇಳಿದ್ದು ಅಷ್ಟೇ. ಭೂಮಿ ಕೊಡಿ ಅಂತಲೂ ಕೇಳಿರಲಿಲ್ಲ. ಅದಕ್ಕೇ ಒಡೆಯರು ಅವರ ಉಳುಮೆ ತಪ್ಪಿಸಿದರು. 1951ರ ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು ಗದ್ದೆಗೆ ಇಳಿದರು, ಸಾಲುಸಾಲಾಗಿ ಜೈಲಿಗೆ ಹೋದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರ ರಾಜಕೀಯವೂ ಈ ಗದ್ದೆಯಲ್ಲೇ ಬೆಳೆದದ್ದು.

ನೋಡಿ, ಸಮಾನತೆಯ ಬಗ್ಗೆ ನಾನು ಓದಿದ ಎಷ್ಟೋ ದಪ್ಪ ಪುಸ್ತಕಗಳಲ್ಲಿ ಈ ಕೊಳಗದಷ್ಟು ಸ್ಪಷ್ಟವಾದ ವಸ್ತು ಇಲ್ಲ. ಯಾರ ಕೈಯಿಂದ ಏನು ಹೋಗಬೇಕು ಅಂತ ಅಳೆದು ತೋರಿಸಬಹುದು.

ಕಾಗೋಡಿನ ಬೇಡಿಕೆ ಭೂಮಿಯವರೆಗೆ ಬೆಳೆದು ಕಾನೂನಾದದ್ದು ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು, ಉಳುವವನೇ ಹೊಲದೊಡೆಯ ಅಂತ. ಗೇಣಿದಾರರು ನಮೂನೆ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕು. ಮೊದಮೊದಲು ಅಲ್ಲಿ ವಕೀಲರಿಗೆ ಪ್ರವೇಶವೂ ಇರಲಿಲ್ಲ. ಒಡೆಯ ದುಡ್ಡು ಕೊಟ್ಟು ವಕೀಲರನ್ನು ಇಟ್ಟರೆ ಗೇಣಿದಾರ ಬಾಯಿ ಬಿಡುವುದು ಹೇಗೆ ಅನ್ನುವ ಯೋಚನೆ. ಈ ಕಾಯ್ದೆಯಲ್ಲಿ ಕಳೆದುಕೊಂಡವರು ನಿಜವಾದ ಮನುಷ್ಯರು. ಎರಡೆಕರೆಯ ಗೇಣಿಯಲ್ಲೇ ಬದುಕಿದ್ದ ವಿಧವೆಯರೂ ಅವರಲ್ಲಿದ್ದರು. ಆ ನೋವಿನ ಕಥೆ ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇವತ್ತಿಗೂ ಕೇಳಬಹುದು. ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅಂಥ ಎಷ್ಟೋ ಮನೆಗಳ ಮಕ್ಕಳ ಕೈಯಲ್ಲಿ ಆಗಲೇ ಓದು ಇತ್ತು, ಪೇಟೆಯಲ್ಲಿ ನೆಂಟರಿದ್ದರು. ಗದ್ದೆ ಹೋದರೂ ದಾರಿ ಇತ್ತು. ಇನ್ನೊಂದು ಕಡೆ, ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ, ಅವರಲ್ಲಿ ಹೆಚ್ಚಿನವರು ದಲಿತರು, ನಮೂನೆ 7ರಲ್ಲಿ ಬರೆಯಲು ಏನೂ ಇರಲಿಲ್ಲ. ಕೆಳಗಿನ ಮಹಡಿಗೆ ಹೋಗುವ ಹೊತ್ತಿಗೆ ಕಾಯ್ದೆಗೆ ಸುಸ್ತಾಗಿತ್ತು.

ಇದು ಹಳೆಯ ಕಥೆಯೇನಲ್ಲ. ಪರಿಶಿಷ್ಟ ಜಾತಿಗಳೊಳಗೇ ಪಾಲು ಸರಿಯಾಗಿ ಹಂಚಿ ಅಂತ ಮಾದಿಗ ಸಮುದಾಯದವರು ದಶಕಗಳ ಕಾಲ ಹೋರಾಡಿದರು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ದಾರಿ ಬಿಟ್ಟಿತು. ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಐದು ಗುಂಪು ಮಾಡಿ, ತೀರಾ ಹಿಂದುಳಿದ ಅಲೆಮಾರಿಗಳಿಗೆ ಅಂತ ಶೇಕಡಾ 1 ಬೇರೆ ಇಟ್ಟಿತ್ತು. 2025ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಅದನ್ನು 6, 6, 5 ಅಂತ ಮೂರೇ ಪಾಲು ಮಾಡಿತು. ಅಲೆಮಾರಿಗಳ ಆ 1 ಉಳಿದವರ ಜೊತೆ ಸೇರಿಹೋಯಿತು. ಅವರು ಬೀದಿಗೆ ಇಳಿದರು. ಮೂರು ಪಾಲಿನವರು ಸಂಭ್ರಮದಲ್ಲಿದ್ದಾಗ ಆ ಒಂದರ ಬಗ್ಗೆ ಬರೆದ ಅಂಕಣಕಾರರು ಎಷ್ಟು ಜನ ಅಂತ ನಾನು ನೋಡುತ್ತಿದ್ದೆ. ಜಾಸ್ತಿ ಇರಲಿಲ್ಲ.

ಇನ್ನು ಎಲ್ಲ ಮಹಡಿಗಳಲ್ಲೂ ಒಂದೇ ಥರ ಇರುವ ಒಂದು ಕೋಣೆ ಇದೆ. ಅದು ಮನೆ. ನನ್ನದೇ ಒಂದು ಕೆಲಸಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಧ ದಿನ ಕಾಯಬೇಕಾಗಿ ಬಂತು. ನಮ್ಮ ಮುಂದಿನ ಟೋಕನ್ ಒಂದು ಕುಟುಂಬದ್ದು. ಹಕ್ಕು ಬಿಡುಗಡೆ ಪತ್ರ, ಎಲ್ಲರ ಬಾಯಲ್ಲಿ ರಿಲೀಸ್ ಡೀಡ್. ಇಬ್ಬರು ಅಣ್ಣಂದಿರು, ಮೂವರು ತಂಗಿಯರು. ತಂಗಿಯರು ಒಳ್ಳೆ ಸೀರೆ ಉಟ್ಟು, ಹೂ ಮುಡಿದು ಬಂದಿದ್ದರು, ಮದುವೆ ಮನೆಗೆ ಬಂದ ಹಾಗೆ. ಅಣ್ಣ ಎಲ್ಲರಿಗೂ ಟೀ, ಬನ್ನು ತರಿಸಿದ. ಒಬ್ಬೊಬ್ಬರೇ ಹೋಗಿ ಕ್ಯಾಮೆರಾ ಮುಂದೆ ಕೂತು ಫೋಟೋ ತೆಗೆಸಿಕೊಂಡು ಯಂತ್ರದ ಮೇಲೆ ಹೆಬ್ಬೆರಳು ಇಡಬೇಕು. ಚಿಕ್ಕ ತಂಗಿಯ ಬೆರಳು ಸರಿಯಾಗಿ ಬೀಳಲಿಲ್ಲ. ಪಾತ್ರೆ ತಿಕ್ಕಿ, ಕಳೆ ಕಿತ್ತು ಗೆರೆ ಸವೆದಿತ್ತು. ಆಪರೇಟರ್ 'ಒರೆಸಿ ಇಡಿಯಮ್ಮ' ಅಂದ. ಅವಳು ಸೆರಗಿಗೆ ಒರೆಸಿ ಮತ್ತೆ ಇಟ್ಟಳು. ಅಣ್ಣ ಪಕ್ಕದಲ್ಲಿ ನಿಂತು 'ಇನ್ನೊಂದ್ ಸಲ ಒತ್ತಮ್ಮ, ಆಯ್ತು, ಆಯ್ತು' ಅನ್ನುತ್ತಿದ್ದ. ಪ್ರೀತಿಯಿಂದಲೇ.

'ನಿಮ್ಮ ಪಾಲು ಎಷ್ಟು ಬರ್ತಿತ್ತು ಗೊತ್ತಾ ಅಕ್ಕ?' ಅಂತ ನನ್ನ ಪಕ್ಕ ಬಂದು ಕೂತ ನಡುವಿನವರನ್ನು ಕೇಳಿದೆ. 'ಬಂದ್ರೇನಪ್ಪ, ತಗಂಡ್ರೆ ನಾಳೆ ಗೌರಿ ಹಬ್ಬಕ್ಕೆ ಬಾಗಿನ ಕೊಡೋರು ಯಾರು? ನನ್ ಮಗಳ ಮದ್ವೆಗೆ ಮುಂದೆ ನಿಲ್ಲೋರು ಯಾರು?' ಅಂದರು. ಅವರ ಲೆಕ್ಕ ತಪ್ಪು ಅಂತ ನನಗೆ ಹೇಳಲು ಬರಲಿಲ್ಲ. ತವರಿನ ಬಾಗಿಲು ಮುಚ್ಚಿದರೆ ಗಂಡನ ಮನೆಯಲ್ಲಿ ಅವರ ಮಾತಿನ ತೂಕವೂ ಇಳಿಯುತ್ತದೆ. ಸೇನ್ ಹೇಳಿದ್ದು ಇದೇ ಅಲ್ವಾ, ಕೈಯಲ್ಲಿ ಹಕ್ಕಿದ್ದರೂ ಅದರಿಂದ ಏನು ಮಾಡಬಲ್ಲಳು ಅನ್ನುವುದು. ಕಾನೂನು ಮಾತ್ರ ಪಕ್ಕಾ ಇದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು, ಮದುವೆಯಾಗಿ ಹೋಗಿದ್ದವರನ್ನು ಹೊರಗಿಟ್ಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ಉಳಿದ ಗೊಂದಲವನ್ನೂ ಬಿಡಿಸಿತು, ಮಗಳಿಗೆ ಹಕ್ಕು ಹುಟ್ಟಿನಿಂದಲೇ ಅಂತ.

ಈ ಹಕ್ಕಿಗಾಗಿ ಅಂಬೇಡ್ಕರ್ ಮಂತ್ರಿ ಪದವಿ ಬಿಟ್ಟವರು ಅನ್ನುವುದನ್ನು ನಾವು ಯಾಕೋ ಕಡಿಮೆ ನೆನಪಿಸಿಕೊಳ್ಳುತ್ತೇವೆ. ಹಿಂದೂ ಕಾನೂನಿನ ಕರಡಿಗೆ ಮೊದಲು ಕೂತ ಸಮಿತಿಯ ಅಧ್ಯಕ್ಷರು ಮಂಗಳೂರಿನ ಬೆನಗಲ್ ನರಸಿಂಗರಾಯರು. ಅಂಬೇಡ್ಕರ್ ಅದನ್ನು ಇನ್ನೂ ಮುಂದೆ ಒಯ್ದು, ಮಗಳಿಗೂ ಮಗನಷ್ಟೇ ಪಾಲು ಅಂತ ಮಾಡಿದರು. ಸಂಸತ್ತಿನಲ್ಲಿ ಎಳೆದಾಡಿ ಎಳೆದಾಡಿ ಮಸೂದೆ ಸೊರಗಿತು. 1951ರ ಸೆಪ್ಟೆಂಬರ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ರಾಜೀನಾಮೆಗೆ ಬೇರೆ ಕಾರಣಗಳೂ ಇದ್ದವು, ಆದರೆ ಹೇಳಿಕೆಯಲ್ಲಿ ಖಾರವಾಗಿ ಬಂದದ್ದು ಇದು. ವರ್ಗ ವರ್ಗದ ನಡುವಿನ, ಹೆಣ್ಣು ಗಂಡಿನ ನಡುವಿನ ಅಸಮಾನತೆಯನ್ನು ಮುಟ್ಟದೆ ಆರ್ಥಿಕ ಕಾನೂನು ಮಾಡುತ್ತಾ ಹೋಗುವುದು ತಿಪ್ಪೆಯ ಮೇಲೆ ಅರಮನೆ ಕಟ್ಟಿದ ಹಾಗೆ ಅಂದರು. ಅವತ್ತು ಆ ಮಸೂದೆಯನ್ನು ವಿರೋಧಿಸಿದವರಲ್ಲಿ ಸ್ವಾತಂತ್ರ್ಯಕ್ಕೆ ಜೈಲಿಗೆ ಹೋಗಿಬಂದವರೂ ಇದ್ದರು. ಬ್ರಿಟಿಷರ ಕೈಯಿಂದ ಹೋಗಬೇಕಾದ್ದು ಅವರಿಗೆ ಸ್ಪಷ್ಟವಾಗಿತ್ತು.

ನನ್ನ ಟೋಕನ್ ಕರೆಯುವ ಮೊದಲು ಹೊರಗೆ ಕೂತಿದ್ದ ಪತ್ರ ಬರಹಗಾರರ ಹತ್ತಿರ ಮಾತಿಗೆ ನಿಂತೆ. ಬಹಳ ವರ್ಷದಿಂದ ಅಲ್ಲೇ ಬರೆಯುವವರು. ತಂಗಿ ಬಿಟ್ಟುಕೊಟ್ಟದ್ದು ದಿನಾ ಬರುತ್ತದಲ್ಲ, ಅಣ್ಣ ತಂಗಿಗೆ ಬಿಟ್ಟುಕೊಟ್ಟ ಪತ್ರ ಯಾವತ್ತಾದರೂ ಬರೆದಿದ್ದೀರಾ ಅಂತ ಕೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು.

'ಬರ್ದಿದೀನಿ ಸಾರ್, ಒಂದೆರಡು. ಅಣ್ಣನಿಗೆ ಸಾಲ ಜಾಸ್ತಿ ಆಗಿತ್ತು. ಬ್ಯಾಂಕ್‌ನೋರು ಜಮೀನಿಗೆ ಬರ್ತಾರೆ ಅಂತ ಅಕ್ಕನ ಹೆಸರಿಗೆ ಮಾಡ್ಸಿದ್ರು. ಸಾಲ ತೀರಿದ್ ಮೇಲೆ ಅಕ್ಕಾನೇ ಬಂದು ವಾಪಸ್ ಮಾಡ್ಕೊಟ್ಟು ಹೋದ್ರು.'